ಇಬ್ಬರ ಋಣ

ನಮ್ಮ ನಾಡಿನಲ್ಲಿ ಜಯಂತಿಗಳಿಗೆ ಬರವಿಲ್ಲ. ಭಾವಚಿತ್ರಕ್ಕೆ ಹಾರ ಹಾಕಿ, ದೀಪ ಹಚ್ಚಿ, 'ಇವರ ಆದರ್ಶ ನಮಗೆಲ್ಲ ದಾರಿದೀಪವಾಗಲಿ' ಎಂದು ನುಡಿದು ನಾವು ಚದುರುತ್ತೇವೆ. ಮಹಾಪುರುಷರು ಏನೇನು ಮಾಡಿದರೆಂಬುದನ್ನು ಹೇಳುತ್ತೇವೆ. ಯಾರೊಡನೆ, ಯಾವ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿತ್ತೆಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಅವರ ಹಿರಿಮೆಗೆ ಕುಂದು ಬಂದೀತೆಂಬ ಭಯ. ಈ ಭಯ ಸಲ್ಲದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಕಳೆದ ಸೆಪ್ಟೆಂಬರ್ 15ರಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಜಯಂತಿ ನಡೆಯಿತು. ಸಭೆ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಾಗ ಇಬ್ಬರು ಮಿತ್ರರಲ್ಲಿ ವಾದ ಹತ್ತಿತು. 'ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರು ಯಾರು?' ಒಬ್ಬನು ವಿಶ್ವೇಶ್ವರಯ್ಯನವರೆಂದ. ಇನ್ನೊಬ್ಬನು ನಾಲ್ವಡಿ ಕೃಷ್ಣರಾಜ ಒಡೆಯರೆಂದ. ಮಾತಿಗೆ ಮಾತು ಬೆಳೆದು ಕಟ್ಟೆಯಿಂದ ಜಾತಿಗೆ ಹೊರಳಿತು. ಒಂದೇ ಕೋಣೆಯಲ್ಲಿದ್ದ ಆ ಇಬ್ಬರೂ ವಾರವಿಡೀ ಮಾತನಾಡಲಿಲ್ಲ.

ಕಟ್ಟೆಯ ಮಟ್ಟಿಗೆ ಉತ್ತರ ಕಷ್ಟವಲ್ಲ. 1911ರಲ್ಲಿ ಕೆಲಸ ಆರಂಭವಾದಾಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್. ಅವರ ಯೋಜನೆಯಿಲ್ಲದೆ ಆ ಕಟ್ಟೆಯಿಲ್ಲ. ಅವರು ದಿವಾನಗಿರಿಯನ್ನು ಬಿಟ್ಟ ಮೇಲೂ ಹನ್ನೆರಡು ವರ್ಷಗಳಿಗೆ ಕಡಮೆಯಿಲ್ಲದಷ್ಟು ಕಾಲ ಕೆಲಸ ಸಾಗಿತು. ಅಷ್ಟು ಕಾಲ ಕೈಬಿಡದೆ ಹಣ ಒದಗಿಸಿದ ಮಹಾರಾಜರಿಲ್ಲದೆಯೂ ಆ ಕಟ್ಟೆಯಿಲ್ಲ. ಸುರ್ಕಿ ಗಾರೆಯನ್ನು ಹೊತ್ತ ಕೂಲಿಗಳನ್ನೂ, ನೀರಿನಡಿಗೆ ತಮ್ಮ ಊರನ್ನೇ ಬಿಟ್ಟುಕೊಟ್ಟ ಹಳೆಯ ಕನ್ನಂಬಾಡಿಯವರನ್ನೂ ನಮ್ಮ ಮಿತ್ರರಲ್ಲಿ ಯಾರೂ ನೆನೆಯಲಿಲ್ಲ.

ಆದರೆ ಈ ಜಗಳದ ಬೇರು ಕಟ್ಟೆಯಲ್ಲಿಲ್ಲ, 1918ರಲ್ಲಿದೆ. ಆಗ ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯು ಉಳಿದ ಪಂಗಡಗಳಿಗೂ ಪಾಲು ಬೇಕೆಂದು ಮಹಾರಾಜರಲ್ಲಿ ಬಿನ್ನವಿಸಿಕೊಂಡಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಪಂಗಡಗಳಿಗೆ ಸಲ್ಲಬೇಕೆಂದು ಸಮಿತಿಯು 1919ರಲ್ಲಿ ವರದಿ ಮಾಡಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ಈ ದಾರಿ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಮೊದಲು ವಿದ್ಯೆಯನ್ನು ಹಬ್ಬಿಸಬೇಕು, ಹುದ್ದೆ ಅರ್ಹತೆಯಿಂದಲೇ ದೊರೆಯಬೇಕು, ಇಲ್ಲವಾದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ದಿವಾನ ಪದವಿಯಿಂದ ನಿವೃತ್ತರಾದರು. ಒಪ್ಪದ ಕಾರ್ಯಕ್ಕೆ ಸಹಿ ಹಾಕಿ ಪದವಿಯಲ್ಲಿ ಉಳಿಯುವವರನ್ನು ಕಂಡ ನಮಗೆ ಇದು ಸಣ್ಣ ಗುಣವೆನಿಸಬಾರದು.

ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ. ನಮ್ಮ ವಂಶದಲ್ಲಿ ಬಿ.ಎ. ತರಗತಿಯಲ್ಲಿ ಕುಳಿತದ್ದು ನಾನೇ ಮೊದಲು. ಕಾಲೇಜಿಗೆ ಸೇರುವ ದಿನ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗದಲ್ಲಿ ನಮ್ಮಪ್ಪ ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ, ಬೆರಳಿನ ಮಸಿಯನ್ನು ಯಾರೂ ಕಾಣದಂತೆ ಪಂಚೆಯ ಅಂಚಿಗೆ ಒರೆಸಿಕೊಂಡರು. ನಾನು ಉಣ್ಣುವುದು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯದ ಅನ್ನ. ಮಿಲ್ಲರ್ ಸಮಿತಿ ಮೊದಲುಮಾಡಿದ ದಾರಿಯ ಕೊನೆಯಲ್ಲಿ ನಿಂತು ಆ ದಾರಿಯೇ ತಪ್ಪೆಂದು ನಾನು ಹೇಗೆ ಹೇಳಲಿ?

ಆದಕಾರಣ ವಿನಯದಿಂದಲೇ ಹೇಳುತ್ತೇನೆ: ಈ ಒಂದು ವಿಷಯದಲ್ಲಿ ವಿಶ್ವೇಶ್ವರಯ್ಯನವರ ನಿಲುವು ಸರಿಯಲ್ಲವೆಂದು ನನ್ನ ಭಾವನೆ. ಅವರೂ ಕಷ್ಟದಿಂದಲೇ ಮೇಲೆ ಬಂದವರು. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಬಡತನವಿತ್ತು, ನಿಜ, ಆದರೆ ಅವರ ಮನೆಯಲ್ಲಿ ಅಕ್ಷರವಿತ್ತು. ಹಣದ ಬಡತನವೇ ಬೇರೆ, ಅಕ್ಷರದ ಬಡತನವೇ ಬೇರೆ. ಅರ್ಹತೆಯು ಬಿತ್ತಿದಲ್ಲಿ ಬೆಳೆಯುವ ಬೆಳೆ. ಬಿತ್ತನೆಯೇ ಆಗದ ಹೊಲದಲ್ಲಿ ಫಸಲನ್ನು ಅಳೆಯುವುದು ನ್ಯಾಯವಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಊಟದ ಪಂಕ್ತಿಯ ಒಬ್ಬ ವಾದಿಯೇ ಆಗುತ್ತೇನೆ. ಮಿಲ್ಲರ್ ಸಮಿತಿ ಹುದ್ದೆಗಳನ್ನು ಕೊಡಿಸಬಹುದಾಗಿತ್ತು. ಆ ಹುದ್ದೆಗಳಿಗೆ ಓದಿದವರನ್ನು ಎಲ್ಲಿಂದ ತರಬಹುದಾಗಿತ್ತು? 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ನಿಬಂಧನೆ ತಂದದ್ದು ಇದೇ ವಿಶ್ವೇಶ್ವರಯ್ಯನವರ ಆಡಳಿತ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ಹಟ ಹಿಡಿದು ಆರಂಭಿಸಿದವರೂ ಅವರೇ. ಬಾಗಿಲನ್ನು ಕಟ್ಟಿದವರು ಒಬ್ಬರು. ಆ ಬಾಗಿಲಿನಿಂದ ಎಲ್ಲರೂ ಒಳಬರಲೆಂದು ಪಟ್ಟು ಹಿಡಿದವರು ಮತ್ತೊಬ್ಬರು. ಬಾಗಿಲೇ ಇಲ್ಲದಿದ್ದರೆ ಹಕ್ಕು ಗೋಡೆಗೆ ಮುಟ್ಟಿ ನಿಲ್ಲುತ್ತಿತ್ತು. ಹಕ್ಕಿಲ್ಲದಿದ್ದರೆ ಬಾಗಿಲು ಕೆಲವರದೇ ಆಗಿ ಉಳಿಯುತ್ತಿತ್ತು. ನನ್ನಂಥವರು ಇಬ್ಬರಿಗೂ ಋಣಿಗಳು.

ಇನ್ನೊಂದು ಸಂಗತಿಯನ್ನು ನನ್ನ ಮಿತ್ರರಿಬ್ಬರೂ ಗಮನಿಸಬೇಕು. ಅಭಿಪ್ರಾಯಭೇದದಿಂದ ದೂರವಾದ ದಿವಾನರನ್ನು ಮಹಾರಾಜರು ಮರೆಯಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ ಅದರ ಹೊಣೆಯನ್ನು ವಹಿಸಿಕೊಳ್ಳುವಂತೆ ವಿಶ್ವೇಶ್ವರಯ್ಯನವರನ್ನೇ ಕೇಳಿಕೊಂಡರು. ಇವರೂ ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು 1929ರವರೆಗೆ ದುಡಿದರು. ಸಂಸ್ಥಾನದ ದೊಡ್ಡ ಪ್ರಶ್ನೆಯೊಂದರಲ್ಲಿ ಒಮ್ಮತವಿಲ್ಲದ ಇಬ್ಬರು ಮತ್ತೆ ಒಂದೇ ಕೆಲಸಕ್ಕೆ ಕೈಗೂಡಿಸಿದರು. ಅವರ ಹೆಸರಿನಲ್ಲಿ ಜಗಳವಾಡುವ ನಾವೋ ಒಂದೇ ಕೋಣೆಯಲ್ಲಿದ್ದೂ ಮುಖ ತಿರುಗಿಸಿಕೊಂಡು ಮಲಗುತ್ತೇವೆ!

ನಾವು ಮಹಾಪುರುಷರನ್ನು ದೇವರನ್ನಾಗಿ ಮಾಡಿದೆವು. ಬಳಿಕ ಒಂದೊಂದು ಜಾತಿಗೆ ಒಬ್ಬೊಬ್ಬರನ್ನು ಹಂಚಿಕೊಟ್ಟೆವು. ದೇವರಿಗೆ ತಪ್ಪು ಇರುವುದಿಲ್ಲ, ಆದ್ದರಿಂದ ಅವರ ವಿಷಯದಲ್ಲಿ ವಿಚಾರಕ್ಕೂ ಎಡೆಯಿಲ್ಲದಂತಾಯಿತು. ಮನುಷ್ಯರೆಂದು ತಿಳಿದರೆ ಒಬ್ಬರ ಮಾತನ್ನು ತಳ್ಳಿಹಾಕಿ ಅವರಿಗೇ ಕೈ ಮುಗಿಯಬಹುದು. ಅದರಿಂದ ಅವರು ಸಣ್ಣವರಾಗುವುದಿಲ್ಲ. ನಾವು ಸ್ವಲ್ಪ ದೊಡ್ಡವರಾಗುತ್ತೇವೆ.

ಬರುವ ಸೆಪ್ಟೆಂಬರಿನಲ್ಲಿ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಇಲ್ಲಿ ಉಳಿಯುವ ತಮ್ಮಂದಿರಲ್ಲೂ ತಂಗಿಯರಲ್ಲೂ ಒಂದು ಬಿನ್ನಹ. ಮುಂದಿನ ಜಯಂತಿಯಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರದ ಪಕ್ಕದಲ್ಲಿ ನಾಲ್ವಡಿಯವರ ಭಾವಚಿತ್ರವನ್ನೂ ಇಡಿ. ಕಟ್ಟೆಯ ಕಥೆಯ ಜೊತೆಗೆ 1918ರ ಕಥೆಯನ್ನೂ ಹೇಳಿ. ವಾದ ಹತ್ತಿದರೆ ಹತ್ತಲಿ. ಊಟ ಮಾತ್ರ ಒಂದೇ ಪಂಕ್ತಿಯಲ್ಲಿ ನಡೆಯಲಿ.