ನರದೊಳಗಿನ ನಿಧಾನ ಪಯಣ

ಪಾದದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ. ಅಲ್ಲಿಂದ ಪಾದದವರೆಗೆ ಚಾಚಿರುವ ಅದರ ಎಳೆಗೆ ಆಕ್ಸಾನ್ ಎಂದು ಹೆಸರು. ವಯಸ್ಕರಲ್ಲಿ ಇದರ ಉದ್ದ ಸುಮಾರು ಒಂದು ಮೀಟರ್. ದಪ್ಪವಾದರೋ ತಲೆಗೂದಲಿಗಿಂತ ಕಡಿಮೆ!

ಮಗು ಬೆಳೆದಂತೆ ಈ ಎಳೆಯೂ ಬೆಳೆಯಬೇಕು. ಮನೆಗೆ ಕಂಬ, ತೊಲೆಗಳಿದ್ದಂತೆ ಇದಕ್ಕೆ ಟ್ಯೂಬುಲಿನ್ ಪ್ರೋಟೀನಿನ ಸೂಕ್ಷ್ಮನಳಿಕೆಗಳೂ ನ್ಯೂರೋಫಿಲಮೆಂಟ್ ಎಂಬ ತಂತುಗಳೂ ಆಧಾರ. ಆದರೆ ಈ ಪ್ರೋಟೀನುಗಳು ಬಹುಪಾಲು ತಯಾರಾಗುವುದು ಕೋಶದ ಒಡಲಿನಲ್ಲೇ. ಹಾಗಾದರೆ ಅವು ತುದಿಯನ್ನು ತಲುಪುವುದು ಹೇಗೆ?

1948ರಲ್ಲಿ ಅಮೆರಿಕದ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಪ್ರಾಣಿಗಳ ನರವನ್ನು ಒಂದೆಡೆ ಬಿಗಿದರು. ಕಾಲುವೆಗೆ ಅಡ್ಡಗಟ್ಟಿದರೆ ನೀರು ನಿಲ್ಲುವಂತೆ, ಬಿಗಿತದ ಹಿಂದೆ, ಕೋಶದ ಒಡಲಿನ ಕಡೆ, ಆಕ್ಸಾನ್ ಊದಿಕೊಂಡಿತು. ಬಿಗಿತ ಸಡಿಲಿಸಿದಾಗ ತುಂಬಿಕೊಂಡಿದ್ದ ದ್ರವ್ಯ ದಿನಕ್ಕೆ ಒಂದೆರಡು ಮಿಲಿಮೀಟರ್ ವೇಗದಲ್ಲಿ ಮುಂದೆ ಸಾಗಿತು. ಹೀಗೆ ನಿಧಾನವಾಗಿ ಸಾಗುವ ಸರಕಿನಲ್ಲಿ ಆಧಾರ ಪ್ರೋಟೀನುಗಳೇ ಮುಖ್ಯವೆಂದು 1975ರಲ್ಲಿ ಹಾಫ್‌ಮನ್ ಮತ್ತು ಲಾಸೆಕ್ ತೋರಿಸಿದರು.

ಇಲ್ಲೊಂದು ಒಗಟು. ಅದೇ ಆಕ್ಸಾನಿನಲ್ಲಿ ಬೇರೆ ಕೆಲವು ಸರಕುಗಳು ದಿನಕ್ಕೆ 200ರಿಂದ 400 ಮಿಲಿಮೀಟರ್ ಓಡುತ್ತವೆ. 1985ರಲ್ಲಿ ಪತ್ತೆಯಾದ ಕೈನೆಸಿನ್ ಎಂಬ ಪ್ರೋಟೀನು ಸೂಕ್ಷ್ಮನಳಿಕೆಯನ್ನೇ ಹಳಿಯಾಗಿಸಿಕೊಂಡು ಅವನ್ನು ಎಳೆಯುತ್ತದೆ. ಹಾಗಾದರೆ ನಿಧಾನ ಸರಕಿಗೆ ಬೇರೆಯೇ ಎಂಜಿನ್ ಇದೆಯೇ?

2000ದಲ್ಲಿ ಆಂಥೊನಿ ಬ್ರೌನ್ ಮತ್ತು ಸಂಗಡಿಗರು ಇಲಿಯ ಜೀವಂತ ನರಕೋಶದ ತಂತುಗಳಿಗೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿ ಚಿತ್ರೀಕರಿಸಿದರು. ತಂತುಗಳು ತೆವಳುತ್ತಿರಲಿಲ್ಲ. ಒಮ್ಮೆ ರಭಸದಿಂದ ಓಡಿ, ಬಹಳ ಹೊತ್ತು ನಿಂತು, ಮತ್ತೆ ಓಡುತ್ತಿದ್ದವು. ಆಗೀಗ ಹಿಂದಕ್ಕೂ ಹೋಗುತ್ತಿದ್ದವು. ಊರೂರಿಗೆ ನಿಲ್ಲುವ ಬಸ್ಸಿನಂತೆ!

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ ಒಂದು ಮೈಕ್ರೋಮೀಟರ್ ವೇಗದಲ್ಲಿ ನಿಲ್ಲದೆ ಓಡಿದರೆ ದಿನಕ್ಕೆ 86 ಮಿಲಿಮೀಟರಿಗೂ ಹೆಚ್ಚು ದೂರ ಹೋಗಬಹುದು. ಒಂದೇ ಮಿಲಿಮೀಟರ್ ಸಾಗಲು ಸುಮಾರು 17 ನಿಮಿಷಗಳ ಓಟ ಸಾಕು. ಉಳಿದ ಹೊತ್ತೆಲ್ಲ ವಿರಾಮವೇ!

ಈ ಸಂಗತಿ ಮನೆಮಂದಿಗೂ ಬೇಕಾದದ್ದು. ಗಾಜು ತಗುಲಿ ಮಗುವಿನ ಮಣಿಕಟ್ಟಿನ ನರ ತುಂಡಾಯಿತು, ವೈದ್ಯರು ಹೊಲಿದು ಜೋಡಿಸಿದರು ಎನ್ನಿ. ಹೊಸ ಆಕ್ಸಾನ್ ಬೆಳೆಯುವುದೂ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟೇ. ಬೆರಳ ತುದಿ 15 ಸೆಂಟಿಮೀಟರ್ ದೂರವಿದ್ದರೆ ಐದು ತಿಂಗಳಾದರೂ ಕಾಯಬೇಕು. ಸ್ಪರ್ಶ ಮರಳಲಿಲ್ಲವೆಂದು ವೈದ್ಯರು ಹೇಳಿದ ವ್ಯಾಯಾಮವನ್ನು ನಡುವೆ ಬಿಡಬಾರದು. ಬಿಸಿ ತಿಳಿಯದ ಆ ಬೆರಳುಗಳನ್ನು ಒಲೆಯಿಂದ, ಕುದಿನೀರಿನಿಂದ ಕಾಪಾಡಬೇಕು. ಒಳಗೆ ಕೆಲಸ ನಡೆದೇ ಇರುತ್ತದೆ.