ಅರೆಮನಸ್ಸಿನ ತೀರ್ಮಾನಕ್ಕೆ ತೆತ್ತ ಬೆಲೆ

ಆಡಿದ್ದು ಹನ್ನೆರಡು ಪಂದ್ಯ. ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಆದರೂ ಆ ತಂಡ ಸೀಸನ್ ಉದ್ದಕ್ಕೂ ಗಳಿಸಿದ ಪಾಯಿಂಟ್‌ಗಳು ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದಕ್ಕಿಂತ 63 ಹೆಚ್ಚು. ಒಂಬತ್ತು ಸೋಲುಗಳಲ್ಲಿ ಒಂದರ ಅಂತರವೂ ಎರಡಂಕಿ ಮುಟ್ಟಿರಲಿಲ್ಲ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ 2021ರ ಲೆಕ್ಕ ಇದು. ಈ ತಂಡದ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಉಳಿಸಿಕೊಳ್ಳಬೇಕೋ, ಕಳಿಸಿಕೊಡಬೇಕೋ ಎಂಬ ಪ್ರಶ್ನೆ ಆ ವರ್ಷ ಒಂದಿಡೀ ರಾಜ್ಯವನ್ನು ಎರಡು ಪಾಲು ಮಾಡಿತ್ತು.

ಒಂದಿಡೀ ರಾಜ್ಯ ಎನ್ನುವುದು ಉತ್ಪ್ರೇಕ್ಷೆಯಲ್ಲ. ನೆಬ್ರಾಸ್ಕಾ ಮೆಕ್ಕೆಜೋಳ, ಸೋಯಾ, ದನಗಳ ನಾಡು. ಜನಸಂಖ್ಯೆ ಸುಮಾರು ಇಪ್ಪತ್ತು ಲಕ್ಷ ಅಷ್ಟೆ. ದೊಡ್ಡ ವೃತ್ತಿಪರ ಲೀಗುಗಳ ಒಂದು ತಂಡವೂ ಅಲ್ಲಿಲ್ಲ. ಇರುವುದು ವಿಶ್ವವಿದ್ಯಾಲಯದ ತಂಡ, ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂ. ಪಂದ್ಯವಿರುವ ಶನಿವಾರ ಸುಮಾರು ಎಂಬತ್ತೈದು ಸಾವಿರ ಜನ ಕೆಂಪು ಅಂಗಿ ತೊಟ್ಟು ಅಲ್ಲಿ ಸೇರಿದಾಗ ಆ ಸ್ಟೇಡಿಯಂ ಒಮಾಹಾ ಮತ್ತು ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರಾಗುತ್ತದೆ. 1962ರಿಂದ ಇಲ್ಲಿನ ಪ್ರತಿ ಪಂದ್ಯದ ಟಿಕೆಟ್‌ಗಳೂ ಪೂರ್ತಿ ಮಾರಾಟವಾಗಿವೆ. ಆ ಜನಕ್ಕೆ ಫುಟ್‌ಬಾಲ್ ಒಂದೇ ಹುಚ್ಚು ಎಂದುಕೊಳ್ಳಬೇಡಿ; 2023ರ ಆಗಸ್ಟ್‌ನಲ್ಲಿ ಇದೇ ಸ್ಟೇಡಿಯಂನಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ನೋಡಲು 92,003 ಜನ ಬಂದಿದ್ದರು. ಇಂಥ ಅಭಿಮಾನಿಗಳ ಮಾತನ್ನು ಹುಚ್ಚಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತಂಡ ಅವರ ದುಡ್ಡಿನಿಂದಲೂ ನಿಷ್ಠೆಯಿಂದಲೂ ನಿಂತಿದೆ. ಕೋಚ್ ಬಗ್ಗೆ ವಾದಿಸುವ ಹಕ್ಕು ಅವರಿಗಿದೆ.

ಫ್ರಾಸ್ಟ್ ಆ ಮಣ್ಣಿನ ಮಗ. ಹುಟ್ಟಿದ್ದು ಲಿಂಕನ್‌ನಲ್ಲಿ, ಬೆಳೆದದ್ದು ವುಡ್ ರಿವರ್ ಎಂಬ ಪುಟ್ಟ ಊರಿನಲ್ಲಿ. ಹೈಸ್ಕೂಲ್ ತಂಡದಲ್ಲಿ ಅಪ್ಪ ಅಮ್ಮನೇ ಅವರಿಗೆ ತರಬೇತಿ ಕೊಟ್ಟವರು. ಅಮ್ಮ 1968ರ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದಾಕೆ. 1997ರಲ್ಲಿ ನೆಬ್ರಾಸ್ಕಾ ಹದಿಮೂರಕ್ಕೆ ಹದಿಮೂರೂ ಗೆದ್ದು ರಾಷ್ಟ್ರೀಯ ಪಟ್ಟವನ್ನು ಮಿಶಿಗನ್ ಜೊತೆ ಹಂಚಿಕೊಂಡಾಗ ತಂಡದ ಆಕ್ರಮಣ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಇವರೇ. ಮುಂದೆ, 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿದ್ದ ಸೆಂಟ್ರಲ್ ಫ್ಲೋರಿಡಾ ತಂಡವನ್ನು ಎರಡೇ ವರ್ಷದಲ್ಲಿ ಸೋಲರಿಯದ ತಂಡವಾಗಿಸಿದ ಕೋಚ್ ಕೂಡ ಇವರೇ. 2017ರ ಡಿಸೆಂಬರ್‌ನಲ್ಲಿ ಏಳು ವರ್ಷಕ್ಕೆ ಮೂರೂವರೆ ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ತವರಿಗೆ ಬಂದಾಗ ರಾಜ್ಯಕ್ಕೇ ಹಬ್ಬ. ಮೊದಲ ಸೀಸನ್‌ನ ಮೊದಲ ಆರೂ ಪಂದ್ಯ ಸೋತರು. ಆ ವರ್ಷ ನಾಲ್ಕು ಗೆಲುವು, ಮರುವರ್ಷ ಐದು, ಕೊರೊನಾದ ಮೊಟಕು ಸೀಸನ್‌ನಲ್ಲಿ ಮೂರು. ನಾಲ್ಕನೆಯದು ನಾನು ಮೊದಲಿಗೆ ಹೇಳಿದ 2021.

ಉಳಿಸಿಕೊಳ್ಳಿ ಎಂದವರ ವಾದದ ಹಿಂದೆ ಹಳೆಯ ಗಾಯವಿತ್ತು. ಹಿಂದಿನ ಕೋಚ್ ಬಾಬ್ ಡೆವೇನಿ 1967 ಮತ್ತು 1968ರಲ್ಲಿ ತಲಾ ಆರು ಗೆದ್ದು ನಾಲ್ಕು ಸೋತರು. ಅವರನ್ನು ಉಳಿಸಿಕೊಂಡಿದ್ದಕ್ಕೆ 1970, 1971ರಲ್ಲಿ ಸತತ ಎರಡು ರಾಷ್ಟ್ರೀಯ ಪಟ್ಟ ಬಂತು. ನಂತರ ಬಂದ ಟಾಮ್ ಓಸ್‌ಬೋರ್ನ್ ಮೊದಲ ಐದು ವರ್ಷ ಹಳೆಯ ಎದುರಾಳಿ ಒಕ್ಲಹೋಮ ಎದುರು ಒಮ್ಮೆಯೂ ಗೆಲ್ಲಲಿಲ್ಲ, ಮೊದಲ ಪಟ್ಟ ತಂದುಕೊಟ್ಟದ್ದು ಇಪ್ಪತ್ತೆರಡನೇ ಸೀಸನ್‌ನಲ್ಲಿ. 2003ರಲ್ಲಿ ಮಾತ್ರ ವಿಶ್ವವಿದ್ಯಾಲಯ ತಾಳ್ಮೆ ಕಳೆದುಕೊಂಡಿತು. ಒಂಬತ್ತು ಗೆದ್ದು ಮೂರು ಸೋತಿದ್ದ ಫ್ರ್ಯಾಂಕ್ ಸೋಲಿಚ್ ಅವರನ್ನು ಮನೆಗೆ ಕಳಿಸಿದರು. ಮರುವರ್ಷವೇ ತಂಡ 1961ರ ಬಳಿಕ ಮೊದಲ ಬಾರಿಗೆ ಗೆಲುವಿಗಿಂತ ಹೆಚ್ಚು ಸೋಲು ಕಂಡಿತು. ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಗೆಲ್ಲದ ಬೋ ಪೆಲಿನಿ ಅವರನ್ನು 2014ರಲ್ಲಿ ತೆಗೆದರು. ಅವರ ಜಾಗಕ್ಕೆ ಬಂದ ಮೈಕ್ ರೈಲಿ ಮೂರನೇ ವರ್ಷಕ್ಕೆ ನಾಲ್ಕು ಗೆಲುವಿಗೆ ಇಳಿದು ಕೆಲಸ ಕಳೆದುಕೊಂಡರು. ಇಷ್ಟು ಕಂಡವರು "ಮತ್ತೆ ಅವಸರ ಮಾಡಬೇಡಿ, ಮನೆಮಗನಿಗೆ ಇನ್ನೊಂದು ವರ್ಷ ಕೊಡಿ" ಎಂದರೆ ಅದನ್ನು ಬರೀ ಭಾವುಕತೆ ಎನ್ನಲಾಗದು.

ಅವರ ಬೆನ್ನಿಗೆ ಸಂಶೋಧನೆಯ ಬಲವೂ ಇತ್ತು. ಅಮೆರಿಕದ ಮೂವರು ವಿದ್ವಾಂಸರು ಕಾಲೇಜು ಫುಟ್‌ಬಾಲ್‌ನ ಹತ್ತಕ್ಕೂ ಹೆಚ್ಚು ವರ್ಷಗಳ ಕೋಚ್ ಬದಲಾವಣೆಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೀರಾ ಕೆಳಗೆ ಬಿದ್ದ ತಂಡಗಳು ಕೋಚನ್ನು ಬದಲಿಸಿದರೂ, ಅಂಥದ್ದೇ ಸ್ಥಿತಿಯಲ್ಲಿದ್ದು ಬದಲಿಸದ ತಂಡಗಳಿಗಿಂತ ಹೇಳಿಕೊಳ್ಳುವಂತೆ ಮೇಲೇಳಲಿಲ್ಲ. ನಡುಮಟ್ಟದ ತಂಡಗಳಂತೂ ಬದಲಿಸಿ ಇನ್ನಷ್ಟು ಕೆಟ್ಟವು. ಸೋಲಿಚ್ ನಂತರದ ನೆಬ್ರಾಸ್ಕಾಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಆದರೂ 2021ರಲ್ಲಿ ಫ್ರಾಸ್ಟ್ ಹೋಗಬೇಕು ಎಂದವರೇ ಸರಿಯಿದ್ದರು ಎಂದು ನಾನು ನಂಬುತ್ತೇನೆ. ಎಷ್ಟು ಪಂದ್ಯ ಸೋತರು ಎನ್ನುವುದಕ್ಕಿಂತ ಹೇಗೆ ಸೋತರು ಎನ್ನುವುದರಲ್ಲಿ ಅದಕ್ಕೆ ಕಾರಣವಿದೆ.

ಎಂಟು ಪಾಯಿಂಟ್‌ಗಳೊಳಗೆ ತೀರ್ಮಾನವಾಗುವ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಈ ವರ್ಷ ಕೈಕೊಟ್ಟರೆ ಮುಂದಿನ ವರ್ಷ ಕೈಹಿಡಿಯುತ್ತದೆ, ನಾಲ್ಕಾರು ವರ್ಷದಲ್ಲಿ ಹೆಚ್ಚುಕಡಿಮೆ ಸರಿಸಮವಾಗುತ್ತದೆ. 2021ರ ಸೀಸನ್ ಮುಗಿಯುವ ಹೊತ್ತಿಗೆ ಫ್ರಾಸ್ಟ್ ಇಂಥ ಇಪ್ಪತ್ತೈದು ಪಂದ್ಯ ಆಡಿಸಿದ್ದರು. ಗೆದ್ದದ್ದು ಐದು. ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರೂ ಇದಕ್ಕಿಂತ ಹೆಚ್ಚು ಗೆಲುವು ಸಿಗುತ್ತಿತ್ತು. ಸಂಖ್ಯೆ ಬೇಡವೆನ್ನುವವರು ಆ ವರ್ಷದ ಪಂದ್ಯಗಳನ್ನೇ ನೋಡಲಿ. ಮಿಶಿಗನ್ ಸ್ಟೇಟ್ ಎದುರು ಏಳು ಪಾಯಿಂಟ್ ಮುಂದಿದ್ದು, ಇನ್ನು ನಾಲ್ಕು ನಿಮಿಷವೂ ಉಳಿದಿರದಾಗ ನೆಬ್ರಾಸ್ಕಾ ಆಟಗಾರ ಚೆಂಡನ್ನು ದೂರಕ್ಕೆ ಒದ್ದ. ಅವನ ತಂಡದವರು ಓಡಿದ್ದು ಬಲಕ್ಕೆ, ಚೆಂಡು ಹೋದದ್ದು ಎಡಕ್ಕೆ. ಎದುರಾಳಿ ಅದನ್ನು ಹಿಡಿದು ಕೊನೆಯ ಗೆರೆಯವರೆಗೂ ಓಡಿ ಟಚ್‌ಡೌನ್ ಗಳಿಸಿದ, ಪಂದ್ಯ ಹೆಚ್ಚುವರಿ ಸಮಯದಲ್ಲಿ ಕೈತಪ್ಪಿತು. ಕೊನೆಯ ಪಂದ್ಯದಲ್ಲಿ ಅಯೋವಾ ಎದುರು 21–6ರಿಂದ ಮುಂದಿದ್ದರು. ಅಲ್ಲಿಯೂ ಒದೆತವೊಂದು ತಡೆಯಲ್ಪಟ್ಟು ಎದುರಾಳಿಗೆ ಟಚ್‌ಡೌನ್ ಸಿಕ್ಕಿತು, 28–21ಕ್ಕೆ ಸೋಲು. ನಾಲ್ಕು ವರ್ಷ ಕಳೆದರೂ ತಿದ್ದದ ತಪ್ಪು ಇದು. ತರಬೇತಿಯಲ್ಲಿ, ತಯಾರಿಯಲ್ಲಿ, ಒತ್ತಡದ ಗಳಿಗೆಯ ನಿರ್ಧಾರದಲ್ಲಿ ಏನೋ ಕೆಟ್ಟಿತ್ತು. ಆ 2013ರ ಅಧ್ಯಯನ ಎಷ್ಟು ಸೋತರು ಎಂಬುದನ್ನು ತೂಗುತ್ತದೆ, ಎರಡು ತಂಡಗಳ ಸೋಲಿನ ಬಗೆ ಬೇರೆಯೆಂಬುದನ್ನು ಅದು ಕಾಣದು. ಸ್ಟೇಡಿಯಂನಲ್ಲಿ ಕೂತ ಅಭಿಮಾನಿ ಕಾಣುತ್ತಾನೆ.

ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ದ ಟ್ರೆವ್ ಆಲ್ಬರ್ಟ್ಸ್ ಕೂಡ ಒಂದು ಕಾಲಕ್ಕೆ ನೆಬ್ರಾಸ್ಕಾದ ಆಟಗಾರ. ಅವರು 2021ರ ನವೆಂಬರ್ 8ರಂದು, ಇನ್ನೂ ಎರಡು ಪಂದ್ಯ ಬಾಕಿಯಿರುವಾಗಲೇ, ಫ್ರಾಸ್ಟ್ ಮುಂದುವರಿಯುತ್ತಾರೆ ಎಂದು ಪ್ರಕಟಿಸಿದರು. ಆದರೆ ಸಂಬಳ ಐವತ್ತು ಲಕ್ಷ ಡಾಲರ್‌ನಿಂದ ನಲವತ್ತಕ್ಕೆ ಇಳಿಯಿತು. ಅವಧಿಗೆ ಮುನ್ನ ತೆಗೆದರೆ ಕೊಡಬೇಕಾದ ಪರಿಹಾರ, ಅಲ್ಲಿಯವರು ಬೈಔಟ್ ಎನ್ನುವ ಮೊತ್ತ, ಎರಡು ಕೋಟಿಯಿಂದ ಒಂದೂವರೆ ಕೋಟಿ ಡಾಲರ್‌ಗೆ ಬಂತು. 2022ರ ಅಕ್ಟೋಬರ್ 1 ದಾಟಿದರೆ ಎಪ್ಪತ್ತೈದು ಲಕ್ಷ. ಅದೇ ದಿನ ಆಕ್ರಮಣ ವಿಭಾಗದ ನಾಲ್ವರು ಸಹಾಯಕ ಕೋಚ್‌ಗಳ ಕೆಲಸ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ತೀರ್ಮಾನ ಅದು. ನಂಬಿಕೆಯಿದ್ದರೆ ಸಂಬಳ ಇಳಿಸುವುದೇಕೆ? ನಂಬಿಕೆಯಿಲ್ಲದಿದ್ದರೆ ಇಟ್ಟುಕೊಳ್ಳುವುದೇಕೆ? ಒಂದು ತಾರೀಖನ್ನು ತಲೆಯ ಮೇಲೆ ತೂಗುಬಿಟ್ಟ ಕೋಚನ್ನು ನಂಬಿ ಯಾವ ಹೈಸ್ಕೂಲ್ ಹುಡುಗ ತಾನೇ ನಾಲ್ಕು ವರ್ಷದ ಓದು, ಆಟ ಎರಡನ್ನೂ ಒಪ್ಪಿಸುತ್ತಾನೆ?

ಮುಂದಿನದನ್ನು ಊಹಿಸುವುದು ಕಷ್ಟವಿರಲಿಲ್ಲ. 2022ರ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. ಹನ್ನೊಂದು ಪಾಯಿಂಟ್ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್‌ಗೆ ಕೈಹಾಕಿದರು. ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಮರಳಿ ಹಿಡಿಯಲು ನೋಡುವ ಈ ಪ್ರಯೋಗ ಸಾಮಾನ್ಯವಾಗಿ ಹಿಂದೆ ಬಿದ್ದ ತಂಡದ ಕೊನೆಯ ಅಸ್ತ್ರ. ಚೆಂಡು ಎದುರಾಳಿಗೆ ಸಿಕ್ಕಿತು, ಪಂದ್ಯ 31–28ಕ್ಕೆ ಹೋಯಿತು. ಸೆಪ್ಟೆಂಬರ್ 10ರಂದು ಜಾರ್ಜಿಯಾ ಸದರ್ನ್ ಎಂಬ ಚಿಕ್ಕ ತಂಡ ಲಿಂಕನ್‌ಗೇ ಬಂದು 45–42ರಿಂದ ಗೆದ್ದಿತು. ತವರಿನಲ್ಲಿ ಮೂವತ್ತೈದು ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಗಳಿಸಿದ 214 ಪಂದ್ಯಗಳಲ್ಲಿ ನೆಬ್ರಾಸ್ಕಾ ಅಲ್ಲಿಯವರೆಗೆ ಒಂದನ್ನೂ ಸೋತಿರಲಿಲ್ಲ. ಗೆದ್ದ ತಂಡದ ಕೋಚ್ ಕ್ಲೇ ಹೆಲ್ಟನ್. ಸರಿಸುಮಾರು ಒಂದು ವರ್ಷದ ಹಿಂದೆ, ಇದೇ ಸೆಪ್ಟೆಂಬರ್‌ನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡೇ ಪಂದ್ಯದ ನಂತರ ಕೆಲಸದಿಂದ ತೆಗೆದಿದ್ದ ಮನುಷ್ಯ.

ಮರುದಿನವೇ ಫ್ರಾಸ್ಟ್ ಅವರನ್ನು ತೆಗೆದರು. ಒಟ್ಟು 16 ಗೆಲುವು, 31 ಸೋಲು. ಅಕ್ಟೋಬರ್ 1ಕ್ಕೆ ಇಪ್ಪತ್ತು ದಿನ ಬಾಕಿಯಿತ್ತು, ಆ ನಡುವೆ ಇದ್ದದ್ದು ಒಕ್ಲಹೋಮ ಎದುರಿನ ಒಂದೇ ಪಂದ್ಯ. ಅದಕ್ಕೆ ಕಾಯದ ಕಾರಣ ಎಪ್ಪತ್ತೈದು ಲಕ್ಷ ಡಾಲರ್ ಹೆಚ್ಚು ಕೊಟ್ಟರು. ಆ ಒಂದು ಪಂದ್ಯವನ್ನೂ 49–14ಕ್ಕೆ ಸೋತರು. ಇಪ್ಪತ್ತು ದಿನ ಕಾಯಬೇಕಿತ್ತು ಎಂದು ಹೇಳುವವರ ಜೊತೆ ನಾನಿಲ್ಲ. ಹೋಗಬೇಕಾದವರನ್ನು ಲೆಕ್ಕದ ಪುಸ್ತಕ ನೋಡಿ ಕೂರಿಸುವುದು ಅವರಿಗೂ ಆಟಗಾರರಿಗೂ ಅವಮಾನ. ತಪ್ಪಾದದ್ದು ಹತ್ತು ತಿಂಗಳ ಹಿಂದೆ.

ಈ ಇಡೀ ವಾದದಲ್ಲಿ ನನಗೆ ಅತಿ ಹೆಚ್ಚು ನೋವಾಗುವುದು ಹುಡುಗರ ವಿಷಯದಲ್ಲಿ. 2021ರ ಸೋಲುಗಳಿಗೆಲ್ಲ ಅಭಿಮಾನಿಗಳಲ್ಲಿ ಒಂದು ಗುಂಪು ಕ್ವಾರ್ಟರ್‌ಬ್ಯಾಕ್ ಏಡ್ರಿಯನ್ ಮಾರ್ಟಿನೆಜ್ ಕಡೆ ಬೆರಳು ತೋರಿಸಿತು. ಮಿಶಿಗನ್ ಸ್ಟೇಟ್ ಪಂದ್ಯದಲ್ಲಿ ಅವರ ದವಡೆ ಮುರಿದಿತ್ತು, ಮುರಿದ ದವಡೆಯಲ್ಲೇ ವಾರವಾರವೂ ಆಡಿದ್ದರು ಎಂಬುದು ಹೊರಬಂದದ್ದು ತಡವಾಗಿ. ಆ ಸೀಸನ್ ಮುಗಿದ ಮೇಲೆ ಅವರು ಕ್ಯಾನ್ಸಸ್ ಸ್ಟೇಟ್‌ಗೆ ಹೋದರು. ಅವರಂಥವರಿಗೆ ಆಗ ವಿಶ್ವವಿದ್ಯಾಲಯದಿಂದ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ, ಓದಿಗೆ ಸಂಬಂಧಿಸಿದ ಸಣ್ಣ ಮೊತ್ತ ಅಷ್ಟೆ. ಕೆಲಸ ಮಾಡದಿರಲು ಒಬ್ಬ ಕೋಚ್‌ಗೆ ಒಂದೂವರೆ ಕೋಟಿ ಡಾಲರ್, ದವಡೆ ಮುರಿದುಕೊಂಡು ಆಡುವ ಹುಡುಗನಿಗೆ ಸಂಬಳವಿಲ್ಲ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಅವರನ್ನು ತೆಗೆಯಲು ಒಪ್ಪಿಕೊಂಡ ಹೊರೆ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಆರು ನೂರು ಕೋಟಿ ರೂಪಾಯಿ ಮೀರಿದ್ದು. ನ್ಯಾಯಾಲಯ ಒಪ್ಪಿದ ರಾಜಿಯಂತೆ 2025ರ ಜುಲೈನಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ, ಎಲ್ಲ ಆಟಗಳ ಎಲ್ಲ ಆಟಗಾರರಿಗೂ ಸೇರಿ, ಸುಮಾರು ಎರಡು ಕೋಟಿ ಐದು ಲಕ್ಷ ಡಾಲರ್. ಎರಡು ಮೊತ್ತಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕನ್ನಡ ಓದುಗರಿಗೆ ಇದು ದೂರದ ಸುದ್ದಿ ಎನಿಸಬಹುದು. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ನೆಬ್ರಾಸ್ಕಾದಂಥ ದೊಡ್ಡ ಕಡೆ ಕ್ರೀಡಾ ವಿಭಾಗ ಟಿಕೆಟ್, ಟೀವಿ, ದೇಣಿಗೆಯ ಹಣದಲ್ಲೇ ನಡೆಯುತ್ತದೆ. ಚಿಕ್ಕಪುಟ್ಟ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲ. ಅಲ್ಲಿ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕ ವಸೂಲಿ ಮಾಡುತ್ತಾರೆ. ಸಾಲ ಮಾಡಿ ಮಗಳನ್ನು ಓದಲು ಕಳಿಸಿದ ತಂದೆತಾಯಿ ಶುಲ್ಕದ ಪಟ್ಟಿಯಲ್ಲಿ ಆ ಸಾಲನ್ನು ಹುಡುಕಿ ನೋಡುವುದು ಒಳ್ಳೆಯದು.

ಫ್ರಾಸ್ಟ್ ಜಾಗಕ್ಕೆ ನೆಬ್ರಾಸ್ಕಾ 2022ರ ಕೊನೆಯಲ್ಲಿ ಮ್ಯಾಟ್ ರೂಲ್ ಅವರನ್ನು ಕರೆತಂದಿತು. ಅವರು ಬೇಲರ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದು, ಎರಡನೇ ವರ್ಷ ಏಳು, ಮೂರನೇ ವರ್ಷ ಹನ್ನೊಂದು ಗೆದ್ದವರು. ಹಾಗಾಗಿ 2023ರಲ್ಲಿ ಐದು ಗೆದ್ದು ಏಳು ಸೋತಾಗ ಅವರನ್ನು ತೆಗೆಯಿರಿ ಎಂಬ ಕೂಗು ಗಟ್ಟಿಯಾಗಿ ಏಳಲಿಲ್ಲ, ಏಳಬಾರದಿತ್ತು ಕೂಡ. ಮೊದಲ ವರ್ಷದ ಸೋಲು ಹಿಂದಿನವರು ಬಿಟ್ಟುಹೋದ ಮನೆಯ ಕಥೆ ಹೇಳುತ್ತದೆ, ನಾಲ್ಕನೇ ವರ್ಷದ ಸೋಲು ಕೋಚ್ ತಾನೇ ಕಟ್ಟಿದ ಮನೆಯದು. 2024ರಲ್ಲಿ ತಂಡ ಏಳು ಗೆದ್ದು ಆರು ಸೋತು, ನ್ಯೂಯಾರ್ಕ್‌ನ ಪಿನ್‌ಸ್ಟ್ರೈಪ್ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಬಾಸ್ಟನ್ ಕಾಲೇಜನ್ನು 20–15ರಿಂದ ಸೋಲಿಸಿತು. ಸತತ ಏಳು ವರ್ಷ ಸೋಲೇ ಮೇಲುಗೈಯಾಗಿದ್ದ ಸಾಲು ಅಲ್ಲಿಗೆ ಮುಗಿಯಿತು.

ಕೋಚ್ ಬೇಕೋ ಬೇಡವೋ ಎಂದು ಅಭಿಮಾನಿಗಳು ಗಟ್ಟಿಯಾಗಿ, ಬೇಕಾದರೆ ಕೋಪದಿಂದಲೇ ವಾದಿಸಲಿ. ಕೋಟಿಗಟ್ಟಲೆ ಪಡೆಯುವವರು ಅದಕ್ಕೆ ಉತ್ತರ ಕೊಡಲೇಬೇಕು. ಇಪ್ಪತ್ತು ವರ್ಷದ ವಿದ್ಯಾರ್ಥಿಗಳನ್ನು ಮಾತ್ರ ದಯವಿಟ್ಟು ಆ ಕಟಕಟೆಗೆ ಎಳೆಯಬೇಡಿ.