ಗುಡ್ಡ ಒಂದು, ಚಾಪೆ ಮೂರು

ಮಕ್ಕಳೇ, ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳನ್ನು ಚಳಿಗಾಲದ ಒಂದೇ ದಿನದಲ್ಲಿ ಕಾರಿನಲ್ಲಿ ಸುತ್ತಿ ಬರಬಹುದು. ನಮ್ಮ ಮನೆಯಲ್ಲಿ ಆ ಮಾತು ಬಂದಾಗ ಅಜ್ಜಿ, “ನನ್ನ ಮೊಣಕಾಲು ಗುಡ್ಡ ಏರಂಗಿಲ್ಲ, ನೀವಷ್ಟ ಹೋಗಿ ಬರ್ರಿ” ಎಂದಳು. ನಾನು ಮೊಮ್ಮಗಳ ಕೈಗೆ ಹಾಳೆ ಕೊಟ್ಟೆ. ಹತ್ತುವ ಜಾಗಕ್ಕೆ ಗುಡ್ಡದ ಗುರುತು, ಕೂತು ನೋಡುವ ಜಾಗಕ್ಕೆ ಚಾಪೆಯ ಗುರುತು.

ಯಾದಗಿರಿ ಕೋಟೆ: ಗುಡ್ಡ. ಬಿಸಿಲೇರುವ ಮೊದಲೇ ಮಕ್ಕಳು ಹತ್ತಿಳಿಯಬೇಕು. ಅಷ್ಟು ಹೊತ್ತು ಅಜ್ಜಿಗೆ ಕೆಳಗೆ ನೆರಳು, ಚಹಾ.

ಶಹಾಪುರದ ಮಲಗಿದ ಬುದ್ಧ: ಚಾಪೆ. ಸಾಲುಗುಡ್ಡಗಳು ಸೇರಿ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತವೆ. ದೂರದಿಂದಲೇ ನೋಡಬೇಕು; ಹತ್ತಿರ ಹೋದರೆ ಬರೀ ಬಂಡೆ! ಅಲ್ಲೇ ಬುತ್ತಿ ಬಿಚ್ಚಿ: ರೊಟ್ಟಿ, ಶೇಂಗಾ ಹಿಂಡಿ, ಮೊಸರು.

ಸುರಪುರದ ಟೇಲರ್ ಮಂಜಿಲ್: ಚಾಪೆ. ಇದು 1844ರಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕ ಆತನನ್ನು ‘ಅಪ್ಪಾ’ ಎನ್ನುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಈ ಕಥೆ ಹೇಳುವುದು ಅಜ್ಜಿಯ ಪಾಲು.

ಸಂಜೆಗೆ ಸುರಪುರದ ಹತ್ತಿರದ ಬೋನಾಳ ಕೆರೆ: ಚಾಪೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಚಳಿಗಾಲದಲ್ಲಿ ಇಲ್ಲಿ ಇಳಿಯುತ್ತವೆ. ಓಡಾಡಿ ಗದ್ದಲ ಮಾಡಿದರೆ ಹಾರಿಹೋಗುತ್ತವೆ. ಸುಮ್ಮನೆ ಕೂತವರಿಗೇ ಹೆಚ್ಚು ಕಾಣುತ್ತವೆ. ಅಲ್ಲಿ ಅಜ್ಜಿಯೇ ಗುರು.

ನೀವೂ ಪ್ರವಾಸದ ಹಾಳೆ ಮಡಚುವ ಮುನ್ನ ಚಾಪೆಗಳನ್ನು ಎಣಿಸಿ. ಒಂದೂ ಇಲ್ಲದಿದ್ದರೆ ಯಾರೋ ಒಬ್ಬರು ಮನೆಯಲ್ಲೇ ಉಳಿಯುತ್ತಾರೆ.